ಮಾರ್ತಳಿಗೂ ಒಂದು ಭಾನುವಾರ



ಜುಲೈ 29ರಂದು ಧರ್ಮಸಭೆಯು ಬೆಥಾನಿಯದ ಒಂದು ಮನೆಯನ್ನು ನೆನೆಯುತ್ತದೆ. ಬಹುಕಾಲ ಆ ದಿನ ಸಂತ ಮಾರ್ತಳೊಬ್ಬಳ ಸ್ಮರಣೆಯಾಗಿತ್ತು. 2021ರಲ್ಲಿ ಫ್ರಾನ್ಸಿಸ್ ಜಗದ್ಗುರುಗಳ ಒಪ್ಪಿಗೆಯಂತೆ ಆಕೆಯ ಸಹೋದರಿ ಮರಿಯ ಹಾಗೂ ಸಹೋದರ ಲಾಜರನ ಹೆಸರುಗಳೂ ಅದೇ ದಿನಕ್ಕೆ ಸೇರಿದವು. ಈಗ ಅದು ಒಂದು ಇಡೀ ಕುಟುಂಬದ ಹಬ್ಬ.

ಆ ಮನೆಯ ಕಥೆ ನಮಗೆಲ್ಲ ಗೊತ್ತು. ಯೇಸುಸ್ವಾಮಿ ಅತಿಥಿಯಾಗಿ ಬಂದಿದ್ದಾರೆ. ಮರಿಯ ಅವರ ಪಾದದ ಬಳಿ ಕುಳಿತು ಮಾತು ಕೇಳುತ್ತಿದ್ದಾಳೆ. ಮಾರ್ತ ಒಳಗೂ ಹೊರಗೂ ಓಡಾಡಿ ಸುಸ್ತಾಗಿದ್ದಾಳೆ. ಕೊನೆಗೆ ಬೇಸರ ತಡೆಯಲಾರದೆ ಬಂದು ಪ್ರಭುವಿಗೇ ದೂರು ಹೇಳುತ್ತಾಳೆ. ಪ್ರಭು ಆಕೆಯ ಹೆಸರನ್ನು ಎರಡು ಸಲ ಕರೆದು, ಮರಿಯ ಆರಿಸಿಕೊಂಡದ್ದೇ ಉತ್ತಮವಾದ ಪಾಲು ಎಂದು ತಿಳಿಸುತ್ತಾರೆ. ಸಂತ ಲೂಕರು ಬರೆದ ಶುಭಸಂದೇಶದ 10ನೇ ಅಧ್ಯಾಯ ಇಲ್ಲಿಗೆ ಮುಗಿಯುತ್ತದೆ. ಆಮೇಲೆ ಊಟ ಯಾರು ಬಡಿಸಿದರು ಎಂಬುದು ಅಲ್ಲಿಲ್ಲ.

ಕೆಲವು ವರ್ಷಗಳ ಹಿಂದೆ ಇದೇ ವಾಚನದ ಮೇಲೆ ನಾನು ಬಹಳ ಉತ್ಸಾಹದಿಂದ ಪ್ರಬೋಧನೆ ನೀಡಿದೆ. ಅಡುಗೆ ಮನೆಯ ಚಿಂತೆ ಬಿಟ್ಟು ಸಮಯಕ್ಕೆ ಸರಿಯಾಗಿ ಪೂಜೆಗೆ ಬರಬೇಕೆಂದು ತಾಯಂದಿರಿಗೆ ಪೀಠದಿಂದಲೇ ಬುದ್ಧಿ ಹೇಳಿದೆ. ಪ್ರತಿ ಭಾನುವಾರ ವಿಶ್ವಾಸ ಪ್ರಮಾಣ ಹೇಳುವ ಹೊತ್ತಿಗೆ ಬಂದು ಹಿಂದಿನ ಕಂಬದ ಬಳಿ ನಿಲ್ಲುತ್ತಿದ್ದ ಒಬ್ಬ ತಾಯಿ ಅವತ್ತೂ ಅಲ್ಲೇ ನಿಂತಿದ್ದರು. ನಾನು ಆ ಕಡೆ ನೋಡಿಯೇ ಮಾತನಾಡಿದೆನೆಂದು ಒಪ್ಪಿಕೊಳ್ಳಬೇಕು. ಆ ವಾರ ಮನೆ ಭೇಟಿಗೆ ಹೋದಾಗ ಅವರು ಕಾಫಿ ಕೊಟ್ಟು, ನಗುತ್ತಲೇ ಕೇಳಿದರು: "ಫಾದರ್, ಮರಿಯಳ ಹಾಗೆ ಕೂತ್ಕೊಳ್ಳೋಕೆ ನಂಗೂ ಆಸೆನೇ. ಆದ್ರೆ ಮಾರ್ತನೂ ಪಕ್ಕದಲ್ಲೇ ಬಂದು ಕೂತ್ಬಿಟ್ಟಿದ್ರೆ ಅವತ್ತು ಯೇಸುಸ್ವಾಮಿಗೆ ಊಟ ಹಾಕೋರು ಯಾರು?"

ಮನೆಯಲ್ಲಿ ಏಳು ಜನ. ಭಾನುವಾರ ಎಂದರೆ ಮಾಂಸದ ಸಾರು ಆಗಲೇಬೇಕು. ಅತ್ತೆ ಮಾವನಿಗೆ ತಿಂಡಿ, ಮಕ್ಕಳಿಗೆ ಸ್ನಾನ, ಬರುವ ನೆಂಟರಿಗೆ ಊಟ. ಬೇರೆಯವರೆಲ್ಲ ಮೊದಲೇ ಹೊರಟು ದೇವಾಲಯದ ಮುಂದಿನ ಸಾಲಿನಲ್ಲಿ ಕುಳಿತಿರುತ್ತಿದ್ದರು. ಗುರುಮಠದಲ್ಲಿ ಕಲಿತದ್ದರಲ್ಲಿ ಆ ಪ್ರಶ್ನೆಗೆ ನನಗೆ ಉತ್ತರ ಸಿಗಲಿಲ್ಲ. ಆಮೇಲೆ ಓದುತ್ತಾ ಹೋದಂತೆ ಒಂದು ಮಡಕೆಯ ಇತಿಹಾಸದಲ್ಲಿ ಉತ್ತರದ ಒಂದು ಭಾಗ ಸಿಕ್ಕಿತು. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ಇತ್ತೀಚೆಗೆ ವಿದೇಶದಲ್ಲಿರುವ ಮಕ್ಕಳು ತಂದುಕೊಡುವ 'ಸ್ಲೋ ಕುಕ್ಕರ್' ಎಂಬ ವಿದ್ಯುತ್ ಪಾತ್ರೆಯನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಬೆಳಿಗ್ಗೆ ಕೈಮ ಉಂಡೆಗಳನ್ನು ಹಾಕಿ ಮುಚ್ಚಿಟ್ಟು ಹೋದರೆ ಮಧ್ಯಾಹ್ನ ಬರುವಷ್ಟರಲ್ಲಿ ಊಟ ಸಿದ್ಧವಾಗಿರುತ್ತದೆ. ಸೋಮಾರಿಗಳ ಸಾಧನ ಎಂದು ಹಲವರು ನಗುತ್ತಾರೆ. ಆದರೆ ಅದರ ಬೇರು ಇರುವುದು ದೇವರ ಆಜ್ಞೆಯಲ್ಲಿ.

ಹಿಂದಿನ ದಿನವೇ ಬೇಯಿಸಿಡಿ

ವಿಮೋಚನಾಕಾಂಡದ 16ನೇ ಅಧ್ಯಾಯಕ್ಕೆ ಹೋಗೋಣ. ಇಸ್ರಯೇಲರು ಮರಳುಗಾಡಿನಲ್ಲಿದ್ದಾರೆ. ದೇವರು ಪ್ರತಿದಿನ ಮನ್ನಾ ಕೊಡುತ್ತಾರೆ. ಅದನ್ನು ಮರುದಿನಕ್ಕೆ ಕೂಡಿಟ್ಟರೆ ಹುಳ ಬೀಳುತ್ತದೆ. ಆರನೆಯ ದಿನ ಮಾತ್ರ ಎರಡರಷ್ಟು ಸಿಗುತ್ತದೆ. ಸುಡಬೇಕಾದದ್ದನ್ನು ಸುಟ್ಟು, ಬೇಯಿಸಬೇಕಾದದ್ದನ್ನು ಬೇಯಿಸಿ, ಉಳಿದದ್ದನ್ನು ಬೆಳಗಿನವರೆಗೆ ಇಟ್ಟುಕೊಳ್ಳಿ ಎಂದು ಮೋಶೆ ಜನರಿಗೆ ಹೇಳುತ್ತಾನೆ. ಹಾಗೆ ಇಟ್ಟದ್ದು ಕೆಡಲಿಲ್ಲ. 35ನೇ ಅಧ್ಯಾಯದಲ್ಲಿ ಇನ್ನೊಂದು ನಿಯಮ ಬರುತ್ತದೆ: ಸಬ್ಬತ್ ದಿನ ಮನೆಯಲ್ಲಿ ಬೆಂಕಿ ಹೊತ್ತಿಸಬಾರದು.

ಬೆಂಕಿ ಹೊತ್ತಿಸಬಾರದು ಎಂದರೆ ಯಾರಿಗೆ ಬಿಡುವು? ಒಲೆಯ ಮುಂದೆ ಇರುವವರಿಗೆ ತಾನೇ? ಹೊಲದ ಕೆಲಸ ನಿಂತರೆ ಗಂಡಸಿಗೆ ವಿಶ್ರಾಂತಿ. ಒಲೆಯ ಕೆಲಸ ನಿಂತರೆ ಮಾತ್ರ ಹೆಂಗಸಿಗೂ ವಿಶ್ರಾಂತಿ.

ದಶಾಜ್ಞೆಗಳಲ್ಲಿ ಸಬ್ಬತ್ತಿನ ಆಜ್ಞೆಯನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ. ಯಾರು ಕೆಲಸ ಮಾಡಬಾರದು ಎಂಬ ಪಟ್ಟಿ ಅಲ್ಲಿದೆ. ನೀನು, ನಿನ್ನ ಮಗ, ಮಗಳು, ದಾಸ, ದಾಸಿ, ದನಕರು, ನಿನ್ನ ಊರಲ್ಲಿರುವ ಪರದೇಶಿ, ಎಲ್ಲರೂ ಇದ್ದಾರೆ. ಹೆಂಡತಿಯ ಹೆಸರು ಮಾತ್ರ ಇಲ್ಲ. ಎತ್ತಿಗೂ ವಿಶ್ರಾಂತಿ ಕೊಟ್ಟ ದೇವರು ಮನೆಯೊಡತಿಯನ್ನು ಮರೆತರೇ? ಇಲ್ಲ. 'ನೀನು' ಎಂಬ ಮೊದಲ ಪದದಲ್ಲೇ ಗಂಡನೂ ಇದ್ದಾನೆ, ಹೆಂಡತಿಯೂ ಇದ್ದಾಳೆ. ದೇವರು ಅವರಿಬ್ಬರನ್ನು ಒಂದಾಗಿ ನೋಡಿ ಮಾತನಾಡಿದ್ದಾರೆ. ಆದರೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಈ ಆಜ್ಞೆಯನ್ನು ಆಕೆಯ ಹೆಸರು ಬಿಟ್ಟುಹೋಗಿದೆ ಎಂಬಂತೆಯೇ ಪಾಲಿಸಲಾಗುತ್ತಿದೆ.

ಬೇಕರಿಯ ಒಲೆಯಲ್ಲಿ ಒಂದು ರಾತ್ರಿ

ಬೆಂಕಿ ಹೊತ್ತಿಸಬಾರದು ನಿಜ. ಆದರೆ ಸಬ್ಬತ್ ಸಂತೋಷದ ದಿನ, ಅಂದು ತಣ್ಣನೆಯ ಊಟ ಮಾಡಬೇಕೆ? ಯೆಹೂದ್ಯ ಗುರುಗಳು ಈ ಬಗ್ಗೆ ಬಹಳ ಯೋಚಿಸಿದರು. ಸುಮಾರು ಕ್ರಿ.ಶ. 200ರ ಹೊತ್ತಿಗೆ ಸಂಗ್ರಹವಾದ ಅವರ ಮಿಶ್ನಾ ಎಂಬ ಧರ್ಮಗ್ರಂಥದಲ್ಲಿ, ಶುಕ್ರವಾರ ಬಿಸಿ ಮಾಡಿದ ಪಾತ್ರೆಯನ್ನು ಒಲೆಯ ಮೇಲೆ ಹೇಗೆ ಬಿಡಬಹುದು, ಬಿಸಿ ಆರದಂತೆ ಯಾವುದರಿಂದ ಮುಚ್ಚಿಡಬಹುದು ಎಂಬುದಕ್ಕೆಂದೇ ಅಧ್ಯಾಯಗಳಿವೆ. ಸೂರ್ಯ ಮುಳುಗುವ ಮೊದಲೇ ಹೊತ್ತಿಸಿದ ಬೆಂಕಿ ತಾನಾಗಿ ಬೇಯಿಸುತ್ತಿದ್ದರೆ ತಪ್ಪಿಲ್ಲ ಎಂಬುದು ಅವರ ತೀರ್ಮಾನ.

ಹೀಗೆ ಹುಟ್ಟಿದ ಅಡುಗೆಗೆ ಪೂರ್ವ ಯೂರೋಪಿನಲ್ಲಿ 'ಚೋಲೆಂಟ್' ಎಂದು ಹೆಸರು. ಕಾಳು, ಬಾರ್ಲಿ, ಆಲೂಗಡ್ಡೆ, ಈರುಳ್ಳಿ, ಇದ್ದರೆ ಒಂದಿಷ್ಟು ಮಾಂಸ, ಎಲ್ಲವನ್ನೂ ಒಂದೇ ಮಡಕೆಗೆ ಹಾಕಿ ನೀರು ತುಂಬುತ್ತಿದ್ದರು. ಬಡವರ ಮನೆಗಳಲ್ಲಿ ರಾತ್ರಿಯಿಡೀ ಉರಿಯುವ ಒಲೆ ಎಲ್ಲಿಂದ ಬರಬೇಕು? ಶುಕ್ರವಾರ ಮಧ್ಯಾಹ್ನ ಊರಿನ ಬೇಕರಿಯವನು ಬ್ರೆಡ್ಡು ಸುಟ್ಟು ಮುಗಿಸಿದ ಮೇಲೆ ಒಲೆ ಇನ್ನೂ ಬಿಸಿಯಾಗಿರುತ್ತಿತ್ತು. ಬೀದಿಯ ಮನೆಗಳವರೆಲ್ಲ ತಮ್ಮ ತಮ್ಮ ಮಡಕೆಗಳನ್ನು ತಂದು ಅದರೊಳಗೆ ಇಡುತ್ತಿದ್ದರು. ಬಾಗಿಲು ಮುಚ್ಚಿದ ಒಲೆಯ ಆರುವ ಶಾಖದಲ್ಲಿ ಮಡಕೆಗಳು ರಾತ್ರಿಯಿಡೀ ಸಣ್ಣಗೆ ಬೇಯುತ್ತಿದ್ದವು. ಮರುದಿನ ಪ್ರಾರ್ಥನಾಮಂದಿರದಿಂದ ಬರುವಾಗ ಬಿಸಿಬಿಸಿ ಊಟ ಕಾದಿರುತ್ತಿತ್ತು.

ನಮ್ಮ ಹಳ್ಳಿಗಳಲ್ಲಿ ಬೆರಣಿಯ ಕೆಂಡದ ಮೇಲೆ ಹಾಲಿನ ಮಡಕೆ ಇಟ್ಟು ಕೆನೆ ಕಟ್ಟಿಸುತ್ತಿದ್ದದ್ದನ್ನು ಕಂಡವರಿಗೆ ಇದು ಹೊಸದಲ್ಲ. ಆದರೆ ಯೆಹೂದ್ಯರಲ್ಲಿ ಆ ನಿಧಾನ ಶಾಖಕ್ಕೆ ಒಂದು ಉದ್ದೇಶವಿತ್ತು. ಅಡುಗೆ ಮಾಡುವವಳೂ ದೇವರ ದಿನವನ್ನು ಆಚರಿಸಬೇಕು ಎಂಬುದು ಆ ಉದ್ದೇಶ.

ಸಾಕ್ಷಿಯಾದ ಮಡಕೆ

ಇಲ್ಲಿ ನಮಗೆ ನೋವಾಗುವ ಒಂದು ಮಾತನ್ನೂ ಹೇಳಬೇಕು. ಸ್ಪೇನ್ ದೇಶದ ಯೆಹೂದ್ಯರಲ್ಲಿ ಇದೇ ಬಗೆಯ ಸಬ್ಬತ್ತಿನ ಅಡುಗೆಗೆ 'ಅದಾಫೀನ' ಎಂದು ಹೆಸರಿತ್ತು. ಕಡಲೆಕಾಳು, ಮಾಂಸ, ಮೊಟ್ಟೆ ಹಾಕಿ ಶುಕ್ರವಾರ ರಾತ್ರಿ ಕೆಂಡದ ಮೇಲಿಡುತ್ತಿದ್ದರು. 14 ಮತ್ತು 15ನೇ ಶತಮಾನಗಳಲ್ಲಿ ಅನೇಕ ಯೆಹೂದ್ಯರು, ಬಹುಪಾಲು ಭಯದಿಂದ, ಕ್ರೈಸ್ತ ದೀಕ್ಷಾಸ್ನಾನ ಪಡೆದಿದ್ದರು. 1480ರಿಂದ ಅಲ್ಲಿ ಕೆಲಸ ಆರಂಭಿಸಿದ ಧರ್ಮವಿಚಾರಣಾ ನ್ಯಾಯಾಲಯವು ಇಂಥವರು ಗುಟ್ಟಾಗಿ ಹಳೆಯ ಧರ್ಮ ಪಾಲಿಸುತ್ತಿದ್ದಾರೆಯೇ ಎಂದು ಹುಡುಕತೊಡಗಿತು. ಶುಕ್ರವಾರವೇ ಶನಿವಾರದ ಅಡುಗೆ ಮಾಡಿಡುವುದನ್ನು ಅಪರಾಧದ ಗುರುತುಗಳಲ್ಲಿ ಒಂದೆಂದು ಎಣಿಸಲಾಯಿತು. ಮನೆಗೆಲಸದವರು, ನೆರೆಹೊರೆಯವರು ಬಂದು ಯಾರ ಮನೆಯ ಮಡಕೆಯಲ್ಲಿ ಏನಿತ್ತು ಎಂದು ಸಾಕ್ಷಿ ನುಡಿದರು. ಒಬ್ಬ ತಾಯಿ ತನ್ನ ಅಜ್ಜಿಯಿಂದ ಕಲಿತ ಅಡುಗೆಯೇ ಆಕೆಯ ಮೇಲಿನ ಆರೋಪವಾಯಿತು.

2000ದ ಮಾರ್ಚ್ 12ರಂದು, ತಪಸ್ಸುಕಾಲದ ಮೊದಲ ಭಾನುವಾರ, ಎರಡನೇ ಜಾನ್ ಪಾಲ್ ಜಗದ್ಗುರುಗಳು ರೋಮಿನ ಸಂತ ಪೇತ್ರರ ಮಹಾದೇವಾಲಯದಲ್ಲಿ ಧರ್ಮಸಭೆಯ ಮಕ್ಕಳ ಪಾಪಗಳಿಗಾಗಿ ದೇವರ ಕ್ಷಮೆ ಬೇಡಿದರು. ಯೆಹೂದ್ಯ ಜನಾಂಗದ ವಿರುದ್ಧ ನಡೆದ ಪಾಪಗಳನ್ನೂ ಅಂದು ಹೆಸರಿಸಿ ಅರಿಕೆ ಮಾಡಲಾಯಿತು. ಅದೇ ತಿಂಗಳಲ್ಲಿ ಅವರು ಜೆರುಸಲೇಮಿನ ಪಶ್ಚಿಮ ಗೋಡೆಯ ಬಿರುಕಿನಲ್ಲಿ ತಮ್ಮ ಪ್ರಾರ್ಥನೆಯ ಚೀಟಿಯನ್ನು ಇಟ್ಟು ಬಂದರು. ನಾವು ಇಂದು ಆ ಮಡಕೆಯಿಂದ ಪಾಠ ಕಲಿಯುವಾಗ, ಅದನ್ನು ಕಾಪಾಡಿಕೊಳ್ಳಲು ಬೇರೆಯವರು ತೆತ್ತ ಬೆಲೆಯನ್ನು ಮರೆಯಬಾರದು.

ಭಾನುವಾರ ಯಾರಿಗೆ?

ಪ್ರೇಷಿತರ ಕಾಲದಿಂದ ಕ್ರೈಸ್ತರು ವಾರದ ಮೊದಲ ದಿನ, ಅಂದರೆ ಪ್ರಭುವಿನ ಪುನರುತ್ಥಾನದ ದಿನ, ಒಟ್ಟಾಗಿ ಸೇರುತ್ತಿದ್ದರು. ಸುಮಾರು ಕ್ರಿ.ಶ. 155ರಲ್ಲಿ ರಕ್ತಸಾಕ್ಷಿ ಸಂತ ಜಸ್ಟಿನರು ಈ ಕೂಟವನ್ನು ವಿವರಿಸಿದ್ದಾರೆ. ಪಟ್ಟಣದವರೂ ಹಳ್ಳಿಯವರೂ ಒಂದೆಡೆ ಸೇರುತ್ತಾರೆ, ವಾಚನಗಳು ನಡೆಯುತ್ತವೆ, ರೊಟ್ಟಿ ಮತ್ತು ದ್ರಾಕ್ಷಾರಸದ ಮೇಲೆ ಸ್ತೋತ್ರ ಸಲ್ಲುತ್ತದೆ. ಬರಲಾಗದವರಿಗೆ ಡೀಕನ್ನರು ಪರಮಪ್ರಸಾದವನ್ನು ಮನೆಗೇ ಒಯ್ದುಕೊಡುತ್ತಾರೆ. ಬಾರದವರನ್ನು ಬೈಯುವ ಮಾತು ಅಲ್ಲಿಲ್ಲ, ಅವರ ಬಳಿಗೆ ಹೋಗುವ ಮಾತಿದೆ. ಇದನ್ನು ಓದಿದಾಗ ನನ್ನ ಪ್ರಬೋಧನೆ ನೆನಪಾಗಿ ನಾಚಿಕೆಯಾಯಿತು.

ಆಗ ಭಾನುವಾರ ರಜೆಯ ದಿನವಾಗಿರಲಿಲ್ಲ. ಕ್ರಿ.ಶ. 321ರಲ್ಲಿ ಕಾನ್‌ಸ್ಟಂಟೈನ್ ಚಕ್ರವರ್ತಿ ನ್ಯಾಯಾಧೀಶರು, ಪಟ್ಟಣವಾಸಿಗಳು, ಕಸುಬಿನವರು ಅಂದು ವಿಶ್ರಮಿಸಬೇಕೆಂದು ಆಜ್ಞೆ ಹೊರಡಿಸಿದ. ರೈತರಿಗೆ ಮಾತ್ರ ಹೊಲದ ಕೆಲಸಕ್ಕೆ ಅನುಮತಿ ಇತ್ತು. ಮುಂದೆ ಕಾರ್ಖಾನೆಗಳ ಯುಗ ಬಂದಾಗ ಕೂಲಿಕಾರರ ಭಾನುವಾರವೇ ಕಳೆದುಹೋಗುವಂತಾಯಿತು. 1891ರಲ್ಲಿ ಹದಿಮೂರನೇ ಲಿಯೋ ಜಗದ್ಗುರುಗಳು 'ರೇರುಮ್ ನೊವಾರುಮ್' ಎಂಬ ವಿಶ್ವಪತ್ರದಲ್ಲಿ ಅವರ ವಿಶ್ರಾಂತಿಯ ಹಕ್ಕನ್ನು ಎತ್ತಿಹಿಡಿದರು. 1998ರಲ್ಲಿ ಎರಡನೇ ಜಾನ್ ಪಾಲ್ ಜಗದ್ಗುರುಗಳು 'ದಿಯೆಸ್ ದೋಮಿನಿ' ಎಂಬ ಪ್ರೇಷಿತ ಪತ್ರವನ್ನು ಪ್ರಭುವಿನ ದಿನಕ್ಕೆಂದೇ ಬರೆದರು.

ನ್ಯಾಯಾಧೀಶರಿಗೆ ಬಿಡುವು ಸಿಕ್ಕಿತು, ಕಾರ್ಮಿಕರಿಗೆ ಸಿಕ್ಕಿತು. ಅಡುಗೆ ಮನೆಗೆ ಮಾತ್ರ ಭಾನುವಾರ ಇನ್ನೂ ಪೂರ್ತಿಯಾಗಿ ತಲುಪಿಲ್ಲ. ಅಲ್ಲಿ ಅಂದು ಕೆಲಸ ಇಮ್ಮಡಿ.

ಸಾಗರ ದಾಟಿದ ಉಂಡೆ

ಈಗ ಮಡಕೆಯಿಂದ ಉಂಡೆಗೆ ಬರೋಣ. 1880ರಿಂದ 1920ರವರೆಗಿನ ನಾಲ್ಕು ದಶಕಗಳಲ್ಲಿ 40 ಲಕ್ಷಕ್ಕೂ ಹೆಚ್ಚು ಇಟಲಿಯವರು ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಹೆಚ್ಚಿನವರು ದಕ್ಷಿಣ ಇಟಲಿಯ ಬಡ ರೈತರು, ಕೂಲಿಗಳು, ನಮ್ಮ ಹಾಗೆಯೇ ಕಥೋಲಿಕರು. ಊರಲ್ಲಿ ಅವರಿಗೆ ಮಾಂಸ ಎಂದರೆ ಹಬ್ಬದ ಮಾತು. 'ಪೊಲ್ಪೆತ್ತೆ' ಎಂಬ ಕೈಮ ಉಂಡೆ ಇಟಲಿಯಲ್ಲಿ ಹಳೆಯದು. 1891ರಲ್ಲಿ ಪ್ರಕಟವಾದ ಪೆಲ್ಲೆಗ್ರೀನೊ ಅರ್ತೂಸಿಯವರ ಪ್ರಸಿದ್ಧ ಅಡುಗೆ ಪುಸ್ತಕದಲ್ಲಿ ಅದು ಎಲ್ಲರಿಗೂ ಬರುವ ಅಡುಗೆಯೆಂದೇ ಪರಿಚಯವಾಗುತ್ತದೆ. ಮಿಕ್ಕ ಬೇಯಿಸಿದ ಮಾಂಸವನ್ನು ಕೊಚ್ಚಿ, ಬ್ರೆಡ್ಡು ಸೇರಿಸಿ, ಚಿಕ್ಕ ಉಂಡೆ ಕಟ್ಟುತ್ತಿದ್ದರು. ಇದ್ದದ್ದರಲ್ಲಿ ಎಲ್ಲರಿಗೂ ಪಾಲು ಬರುವಂತೆ ಮಾಡುವ ಬಡತನದ ಜಾಣ್ಮೆ ಅದು.

ಅಮೆರಿಕದಲ್ಲಿ ಕೂಲಿ ಹೆಚ್ಚು, ಮಾಂಸ ಅಗ್ಗ. ಉಂಡೆ ದೊಡ್ಡದಾಯಿತು. ಟೊಮೆಟೊ ಸಾರಿನಲ್ಲಿ ಬೆಂದು, ಸ್ಪಗೆಟ್ಟಿ ಎಂಬ ಶಾವಿಗೆಯಂಥ ಪದಾರ್ಥದ ಮೇಲೆ ಕುಳಿತಿತು. ಈ ಜೋಡಿ ಊಟ ಇಟಲಿಯದಲ್ಲ, ವಲಸೆ ಹೋದವರು ಅಮೆರಿಕದಲ್ಲಿ ಕಟ್ಟಿಕೊಂಡದ್ದು. ಭಾನುವಾರ ಬೆಳಿಗ್ಗೆ ಸಣ್ಣ ಉರಿಯಲ್ಲಿ ಸಾರು ಇಟ್ಟು, ಹುರಿದ ಉಂಡೆಗಳನ್ನು ಅದರಲ್ಲಿ ಬಿಟ್ಟು, ಪೂಜೆ ಮುಗಿಸಿ ಬಂದು ಮನೆಮಂದಿಯೆಲ್ಲ ಒಟ್ಟಿಗೆ ಉಣ್ಣುವುದು ಅವರ ಪದ್ಧತಿಯಾಯಿತು. ಆದರೆ ತಳ ಹಿಡಿಯದಂತೆ ಕೈಯಾಡಿಸಲು ಒಲೆಯ ಬಳಿ ಒಬ್ಬರು ಬೇಕೇ ಬೇಕು. ಅದು ಅಮ್ಮನೋ ಅಜ್ಜಿಯೋ ಎಂದು ಬೇರೆ ಹೇಳಬೇಕಿಲ್ಲ.

ಈ ವಲಸಿಗರಿಗೆ ದೇವಾಲಯದಲ್ಲೂ ಜಾಗ ಸುಲಭವಾಗಿ ಸಿಗಲಿಲ್ಲ. ನ್ಯೂಯಾರ್ಕಿನ 115ನೇ ಬೀದಿಯಲ್ಲಿ 1884ರಲ್ಲಿ ಕಟ್ಟಿದ ಕಾರ್ಮೆಲ್ ಮಾತೆಯ ದೇವಾಲಯದಲ್ಲೇ ಇಟಲಿಯವರು ದಶಕಗಳ ಕಾಲ ನೆಲಮಾಳಿಗೆಯಲ್ಲಿ ಪೂಜೆಗೆ ಕೂರಬೇಕಾಯಿತು. ಮೇಲಿನ ದೇವಾಲಯ ಬೇರೆಯವರಿಗೆ. ಇಂಥ ಜನರ ನಡುವೆ ಕೆಲಸ ಮಾಡಲು 1889ರಲ್ಲಿ ಇಟಲಿಯಿಂದ ಬಂದವರು ಸಂತ ಫ್ರಾನ್ಸಿಸ್ ಕ್ಸೇವಿಯರ್ ಕಬ್ರೀನಿ. ನಮ್ಮ ಗೋವೆಯಲ್ಲಿ ಪಾರ್ಥಿವ ಶರೀರವಿರುವ ಸಂತ ಫ್ರಾನ್ಸಿಸ್ ಕ್ಸೇವಿಯರರ ಹೆಸರನ್ನೇ ಆಕೆ ತಮ್ಮ ಹೆಸರಿಗೆ ಸೇರಿಸಿಕೊಂಡಿದ್ದರು. ಅವರಂತೆ ಪೂರ್ವ ದೇಶಕ್ಕೆ, ಚೀನಾಕ್ಕೆ ಹೋಗಬೇಕೆಂದು ಕನಸು ಕಂಡಿದ್ದರು. ಆದರೆ ಹದಿಮೂರನೇ ಲಿಯೋ ಜಗದ್ಗುರುಗಳು ಅವರನ್ನು ಪಶ್ಚಿಮಕ್ಕೆ ಕಳುಹಿಸಿದರು. ಅನಾಥಾಲಯ, ಶಾಲೆ, ಆಸ್ಪತ್ರೆಗಳನ್ನು ಕಟ್ಟುತ್ತಾ ಊರೂರು ಸುತ್ತಿದ ಆಕೆ 1917ರಲ್ಲಿ ಶಿಕಾಗೋ ನಗರದಲ್ಲಿ ನಿಧನರಾದರು. 1946ರಲ್ಲಿ ಸಂತ ಪದವಿ ಪಡೆದರು. ಅಮೆರಿಕದ ಪೌರರಲ್ಲಿ ಆ ಪದವಿಗೇರಿದ ಮೊದಲಿಗರು ಅವರೇ.

ಶಿಕಾಗೋದ ವಿದ್ಯುತ್ ಮಡಕೆ

ಅದೇ ಶಿಕಾಗೋದಲ್ಲಿ, ಕಬ್ರೀನಿಯವರ ನಿಧನದ ನಂತರದ ದಶಕಗಳಲ್ಲಿ, ಇರ್ವಿಂಗ್ ನ್ಯಾಕ್ಸನ್ ಎಂಬ ಯೆಹೂದ್ಯ ಇಂಜಿನಿಯರ್ ಕೆಲಸ ಮಾಡುತ್ತಿದ್ದರು. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು ತಾಯಿಯ ನೆರಳಲ್ಲಿ ಬೆಳೆದವರು. ಆ ತಾಯಿ ಮಗನಿಗೆ ಒಂದು ಕಥೆ ಹೇಳಿದ್ದರು. ಲಿಥುವೇನಿಯದ ವಿಲ್ನಾದಲ್ಲಿ ತಮ್ಮ ಅಮ್ಮ ಸಿದ್ಧಪಡಿಸಿದ ಚೋಲೆಂಟಿನ ಮಡಕೆಯನ್ನು ಶುಕ್ರವಾರ ಬೇಕರಿಗೆ ಒಯ್ದು ಒಲೆಯೊಳಗೆ ಇಡುತ್ತಿದ್ದ ಕಥೆ ಅದು. ಬೇಕರಿಯ ಒಲೆ ಮಾಡುತ್ತಿದ್ದ ಕೆಲಸವನ್ನು ವಿದ್ಯುತ್ತಿನಿಂದ ಮಾಡಿಸಬಹುದಲ್ಲವೇ ಎಂದು ಮಗ ಯೋಚಿಸಿದರು. ಬೇಸಿಗೆಯಲ್ಲಿ ಒಲೆ ಹೊತ್ತಿಸಿ ಮನೆಯೆಲ್ಲ ಕಾಯುವುದನ್ನು ತಪ್ಪಿಸುವುದೂ ಅವರ ಉದ್ದೇಶವಾಗಿತ್ತೆಂದು ಮನೆಯವರು ಹೇಳಿದ್ದಾರೆ. ಒಳಗೊಂದು ಮಡಕೆ, ಅದರ ಸುತ್ತ ಶಾಖ ಕೊಡುವ ತಂತಿ, ಹೊರಗೆ ಶಾಖ ಹೋಗದಂತೆ ತಡೆಯುವ ಕವಚ. 1936ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1940ರ ಜನವರಿಯಲ್ಲಿ ಅದು ಸಿಕ್ಕಿತು.

ಅದರ ಮರುವರ್ಷವೇ, 1941ರಲ್ಲಿ, ನಾಜಿ ಸೈನ್ಯ ವಿಲ್ನಾಕ್ಕೆ ನುಗ್ಗಿತು. ವಿದ್ವಾಂಸರಿಂದ, ಪ್ರಾರ್ಥನಾಮಂದಿರಗಳಿಂದ ತುಂಬಿ 'ಲಿಥುವೇನಿಯದ ಜೆರುಸಲೇಮ್' ಎಂದು ಹೆಸರಾಗಿದ್ದ ಊರು ಅದು. ಪಕ್ಕದ ಪೊನಾರಿ ಕಾಡಿನಲ್ಲಿ ಹತ್ತಾರು ಸಾವಿರ ಯೆಹೂದ್ಯರನ್ನು ಗುಂಡಿಕ್ಕಿ ಕೊಂದರು. ಶುಕ್ರವಾರ ಸಂಜೆ ಮಡಕೆ ಹಿಡಿದು ಬೇಕರಿಗೆ ನಡೆಯುತ್ತಿದ್ದ ಆ ಜನರೇ ಇಲ್ಲವಾದರು. ಅವರ ಬದುಕಿನ ಒಂದು ಚಿಕ್ಕ ಅಂಶ ಮಾತ್ರ ಒಬ್ಬ ತಾಯಿಯ ನೆನಪಿನ ಮೂಲಕ ಸಾಗರದಾಚೆ ಉಳಿದುಕೊಂಡಿತು.

ನ್ಯಾಕ್ಸನ್ ಅವರು ತಮ್ಮ ಪಾತ್ರೆಯನ್ನು ಕಾಳು ಬೇಯಿಸುವ ಸಾಧನವೆಂದು ಮಾರಿದರು. ಅಂಥ ದೊಡ್ಡ ಹೆಸರೇನೂ ಬರಲಿಲ್ಲ. 1970ರಲ್ಲಿ ನಿವೃತ್ತರಾಗುವಾಗ ತಮ್ಮ ಉದ್ಯಮವನ್ನು ಕ್ಯಾನ್ಸಾಸ್ ಸಿಟಿಯ ರೈವಲ್ ಕಂಪನಿಗೆ ಮಾರಿಬಿಟ್ಟರು. ಆ ಕಂಪನಿಯ ಪ್ರಯೋಗದ ಅಡುಗೆ ಮನೆಯಲ್ಲಿ ಇದರಲ್ಲಿ ಕಾಳು ಮಾತ್ರವಲ್ಲ, ಮಾಂಸ, ಸಾರು ಎಲ್ಲವೂ ಚೆನ್ನಾಗಿ ಬೇಯುತ್ತದೆಂದು ಕಂಡುಕೊಂಡರು. 1971ರಲ್ಲಿ 'ಕ್ರಾಕ್‌ಪಾಟ್' ಎಂಬ ಹೊಸ ಹೆಸರಿನಲ್ಲಿ ಮಾರುಕಟ್ಟೆಗೆ ತಂದರು. ಮನೆಯ ಹೊರಗೆ ದುಡಿಯುವ ಮಹಿಳೆಯರು ಅಮೆರಿಕದಲ್ಲಿ ಹೆಚ್ಚುತ್ತಿದ್ದ ಕಾಲ ಅದು. 1973ರಲ್ಲಿ ತೈಲದ ಬಿಕ್ಕಟ್ಟೂ ಬಂದು, ಕಡಿಮೆ ವಿದ್ಯುತ್ತಿನಲ್ಲಿ ನಡೆಯುವ ಪಾತ್ರೆಗೆ ಬೇಡಿಕೆ ಏರಿತು. 1974ರಿಂದ ಒಳಗಿನ ಮಡಕೆಯನ್ನು ತೆಗೆದು ತೊಳೆಯುವಂತಾಯಿತು. ಟೊಮೆಟೊ ಸಾರು ಮತ್ತು ಕೈಮ ಉಂಡೆ ಆ ಪಾತ್ರೆಯ ಸುಲಭದ ಅಡುಗೆಗಳಲ್ಲಿ ಒಂದಾಯಿತು.

ಯೆಹೂದ್ಯರ ಸಬ್ಬತ್ತಿನ ಮಡಕೆಯೂ ಕಥೋಲಿಕ ವಲಸಿಗರ ಭಾನುವಾರದ ಉಂಡೆಯೂ ಹೀಗೆ ಒಂದೇ ಪಾತ್ರೆಯಲ್ಲಿ ಸೇರಿದವು. ಒಂದು ಕಾಲದಲ್ಲಿ ನಾವು ಯಾವ ಮಡಕೆಯನ್ನು ಅಪರಾಧದ ಗುರುತೆಂದು ಎಣಿಸಿದೆವೋ ಅದೇ ನಮ್ಮ ತಾಯಂದಿರನ್ನು ಒಲೆಯ ಬಳಿಯಿಂದ ಬಿಡಿಸಲು ಬಂದಿತು. ಇದು ದೇವರ ಕರುಣೆಯ ರೀತಿ. ಈಗಿನ ಹದಿನಾಲ್ಕನೇ ಲಿಯೋ ಜಗದ್ಗುರುಗಳು ಹುಟ್ಟಿದ್ದೂ 1955ರಲ್ಲಿ ಅದೇ ಶಿಕಾಗೋದಲ್ಲಿ. ಕಾರ್ಮಿಕರ ವಿಶ್ರಾಂತಿಗಾಗಿ ಬರೆದ ಹದಿಮೂರನೇ ಲಿಯೋ ಅವರನ್ನು ನೆನೆದು ಅವರು ಆ ಹೆಸರನ್ನು ಆರಿಸಿಕೊಂಡರು.

ನಮ್ಮ ಮನೆಗಳಲ್ಲಿ

ಕೈಮ ಉಂಡೆ ನಮಗೆ ಹೊಸದೇನಲ್ಲ. ಬೆಂಗಳೂರು, ಮೈಸೂರು, ಮಂಡ್ಯ ಕಡೆ ಹುರಿಗಡಲೆ ಪುಡಿ ಸೇರಿಸಿ ಕಟ್ಟಿದ ಉಂಡೆಯನ್ನು ಕುದಿಯುವ ಸಾರಿಗೆ ಬಿಡುತ್ತಾರೆ. ಬೆಂಗಳೂರಿನ ಮತ್ತು ಕೋಲಾರ ಚಿನ್ನದ ಗಣಿಯ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ತೆಂಗಿನಹಾಲಿನ ಹಳದಿ ಅನ್ನದ ಜೊತೆ 'ಬಾಲ್ ಕರಿ' ಭಾನುವಾರದ ಊಟ. ಸ್ಲೋ ಕುಕ್ಕರ್ ಇರುವವರು ಇದನ್ನು ಹೀಗೆ ಮಾಡಬಹುದು.

ಶನಿವಾರ ಸಂಜೆ ಅರ್ಧ ಕಿಲೋ ಕೈಮಕ್ಕೆ ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ, ಶುಂಠಿ ಬೆಳ್ಳುಳ್ಳಿ, ಹಸಿಮೆಣಸು, ಕೊತ್ತಂಬರಿ ಸೊಪ್ಪು, ನಾಲ್ಕು ಚಮಚ ಹುರಿಗಡಲೆ ಪುಡಿ, ಒಂದು ಮೊಟ್ಟೆ, ಉಪ್ಪು ಸೇರಿಸಿ ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ ಫ್ರಿಜ್ಜಿನಲ್ಲಿಡಿ. ಆರು ಟೊಮೆಟೊ, ಎರಡು ಈರುಳ್ಳಿ, ಖಾರದ ಪುಡಿ, ಧನಿಯಾ ಪುಡಿ ಹಾಕಿ ಬಾಡಿಸಿ ರುಬ್ಬಿಟ್ಟುಕೊಳ್ಳಿ. ಭಾನುವಾರ ಬೆಳಿಗ್ಗೆ ಏಳಕ್ಕೆ ಉಂಡೆಗಳನ್ನು ಬಾಣಲೆಯಲ್ಲಿ ಕೆಂಪಗೆ ಹುರಿದು, ಬಿಸಿ ಮಾಡಿದ ಮಸಾಲೆಯೊಡನೆ ಕುಕ್ಕರಿಗೆ ಹಾಕಿ, ಸಣ್ಣ ಶಾಖಕ್ಕೆ ತಿರುಗಿಸಿ ಮುಚ್ಚಿ. ಐದಾರು ಗಂಟೆಯಲ್ಲಿ ಊಟ ಸಿದ್ಧ. ಎಂಟರ ಪೂಜೆಗೆ ಎಲ್ಲರೂ ಒಟ್ಟಿಗೆ ಹೊರಡಬಹುದು.

ಕೆಲವು ಎಚ್ಚರಿಕೆಗಳಿವೆ. ಹೆಪ್ಪುಗಟ್ಟಿದ ಮಾಂಸವನ್ನು ನೇರವಾಗಿ ಹಾಕಬಾರದು. ಉಂಡೆಯ ಒಳಗಿನ ಬಿಸಿ 71 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು, ನಡುವೆ ಕೆಂಪು ಉಳಿಯಬಾರದು. ರಾಜ್ಮಾದಂಥ ಕಾಳನ್ನು ಹಾಕುವುದಾದರೆ ಮೊದಲು ಹತ್ತು ನಿಮಿಷವಾದರೂ ಒಲೆಯ ಮೇಲೆ ಚೆನ್ನಾಗಿ ಕುದಿಸಿಕೊಳ್ಳಬೇಕು. ಬಹಳ ಹೊತ್ತು ಕರೆಂಟ್ ಹೋಗಿತ್ತೆಂದು ಮನೆಗೆ ಬಂದ ಮೇಲೆ ತಿಳಿದರೆ ಆ ಅಡುಗೆಯನ್ನು ಉಣ್ಣಬಾರದು. ಮತ್ತೆ ಮತ್ತೆ ಮುಚ್ಚಳ ತೆಗೆದು ನೋಡಬೇಡಿ. ತೆಗೆದಾಗಲೆಲ್ಲ ಶಾಖ ಹೋಗಿ, ಬೇಯಲು ಇನ್ನೂ ಇಪ್ಪತ್ತು ಮೂವತ್ತು ನಿಮಿಷ ಹಿಡಿಯುತ್ತದೆ. ನಮ್ಮ ಪ್ರಾರ್ಥನೆಯ ವಿಷಯದಲ್ಲೂ ಈ ಮಾತು ನಿಜ.

ಸ್ಲೋ ಕುಕ್ಕರ್ ಇಲ್ಲದವರು ಬೇಸರಪಡಬೇಕಾಗಿಲ್ಲ. ಉಂಡೆ ಸಾರನ್ನು ಶನಿವಾರ ರಾತ್ರಿಯೇ ಪೂರ್ತಿ ಬೇಯಿಸಿ, ಆರಿಸಿ, ಫ್ರಿಜ್ಜಿನಲ್ಲಿಟ್ಟು, ಮರುದಿನ ಕುದಿಸಿದರಾಯಿತು. ರುಚಿ ಇನ್ನೂ ಹೆಚ್ಚುತ್ತದೆ. ಯಾವ ಪಾತ್ರೆಯಾದರೂ ಸರಿ, ಈರುಳ್ಳಿ ಹೆಚ್ಚುವವರು ಯಾರು, ಉಂಡೆ ಕಟ್ಟುವವರು ಯಾರು ಎಂಬುದು ಮುಖ್ಯ. ಎಲ್ಲವನ್ನೂ ಮತ್ತೆ ಅದೇ ತಾಯಿಯೇ ಶನಿವಾರ ರಾತ್ರಿ ಹನ್ನೊಂದರವರೆಗೆ ನಿಂತು ಮಾಡುವುದಾದರೆ, ನಾವು ಆಕೆಯ ಭಾನುವಾರದ ದಣಿವನ್ನು ಶನಿವಾರಕ್ಕೆ ಸರಿಸಿದೆವು, ಅಷ್ಟೇ. ಧರ್ಮಸಭೆಯ ಪ್ರಾರ್ಥನಾ ಕ್ರಮದಲ್ಲಿ ಭಾನುವಾರ ಆರಂಭವಾಗುವುದೇ ಶನಿವಾರ ಸಂಜೆ. ಅಂದು ಸಂಜೆ ಅಪ್ಪ, ಮಕ್ಕಳು ಎಲ್ಲರೂ ಸುತ್ತ ಕುಳಿತು ಉಂಡೆ ಕಟ್ಟಿದರೆ ಅದೂ ಪ್ರಭುವಿನ ದಿನದ ಸಿದ್ಧತೆಯೇ.

ಸಿದ್ಧಪಡಿಸಿಟ್ಟು ಹೋದವರು

ಪ್ರಿಯರೇ, ಪ್ರಭು ಶಿಲುಬೆಯ ಮೇಲೆ ಪ್ರಾಣಬಿಟ್ಟ ಶುಕ್ರವಾರವನ್ನು ಶುಭಸಂದೇಶ 'ಸಿದ್ಧತೆಯ ದಿನ' ಎಂದು ಕರೆಯುತ್ತದೆ. ಸಬ್ಬತ್ತಿಗಾಗಿ ಅಡುಗೆ ಮಾಡಿಡುವ ದಿನ ಅದು. ಗಲಿಲೇಯದಿಂದ ಬಂದಿದ್ದ ಸ್ತ್ರೀಯರು ಅಂದು ಸಂಜೆ ಸಮಾಧಿಯನ್ನು ನೋಡಿಕೊಂಡು ಬಂದು, ಸುಗಂಧದ್ರವ್ಯಗಳನ್ನು ಸಿದ್ಧಪಡಿಸಿಟ್ಟು, ಆಜ್ಞೆಯಂತೆ ಸಬ್ಬತ್ ದಿನ ವಿಶ್ರಮಿಸಿಕೊಂಡರೆಂದು ಸಂತ ಲೂಕರು ತಿಳಿಸುತ್ತಾರೆ. ಆದ್ದರಿಂದಲೇ ಭಾನುವಾರ ನಸುಕಿನಲ್ಲಿ ಅವರಿಗೆ ಬೇರೆ ಯಾವ ಕೆಲಸವೂ ಅಡ್ಡ ಬರಲಿಲ್ಲ. ಬರಿದಾದ ಸಮಾಧಿಯನ್ನು ಮೊದಲು ಕಂಡವರು, ಪ್ರಭು ಎದ್ದಿದ್ದಾರೆಂದು ಮೊದಲು ಕೇಳಿದವರು ಅವರೇ. ಸಂದೇಶ ಹೊತ್ತು ಓಡಿದವರೂ ಅವರೇ. ಗಂಡಸರಿಗೆ ಅದು ಹುಚ್ಚು ಮಾತಾಗಿ ಕಂಡಿತು.

ನಮ್ಮ ಮನೆಗಳಲ್ಲಿ ಆ ಸಂದೇಶವನ್ನು ಮೊದಲು ಕೇಳಬೇಕಾದವರನ್ನು ನಾವು ಒಲೆಯ ಮುಂದೆ ಕಟ್ಟಿಹಾಕಿದ್ದೇವೆಯೇ? ಈ ಹಬ್ಬದಂದು ಪ್ರತಿ ಕುಟುಂಬವೂ ಕೇಳಿಕೊಳ್ಳಲಿ. ಗುರುಗಳಾದ ನಾವೂ ಕೇಳಿಕೊಳ್ಳೋಣ.

ಆ ತಾಯಿಯ ಮನೆಗೆ ನಾನು ಇನ್ನೊಮ್ಮೆ ಹೋಗಿ ಕ್ಷಮೆ ಕೇಳಿದೆ. ಅವರ ಪ್ರಶ್ನೆಗೆ ನನಗೆ ಸಿಕ್ಕ ಉತ್ತರವನ್ನೂ ಹೇಳಿದೆ: ಮಾರ್ತ ಬಂದು ಕುಳಿತಿದ್ದರೆ ಊಟ ನಿಂತುಹೋಗುತ್ತಿರಲಿಲ್ಲ. ಸ್ವಲ್ಪ ಹೊತ್ತು ಮಡಕೆ ಕಾಯುತ್ತಿತ್ತು. ಆಮೇಲೆ ಮರಿಯಳೂ ಲಾಜರನೂ ಎದ್ದು ಜೊತೆಗೂಡುತ್ತಿದ್ದರು. ಪ್ರಭುವಿಗೂ ಅಡುಗೆ ಗೊತ್ತಿತ್ತಲ್ಲ, ಪುನರುತ್ಥಾನದ ನಂತರ ತಿಬೇರಿಯ ಸರೋವರದ ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು ಶಿಷ್ಯರನ್ನು ಊಟಕ್ಕೆ ಕರೆದವರು ಅವರೇ. ಆ ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ನಮ್ಮೆಜಮಾನ್ರಿಗೂ ಒಂದ್ಸಲ ಹೇಳಿ ಫಾದರ್" ಎಂದರು. ಆದ್ದರಿಂದ ಬರೆದಿದ್ದೇನೆ.

ಸಂತ ಮಾರ್ತ, ಮರಿಯ ಮತ್ತು ಲಾಜರರೇ, ನಮಗಾಗಿ ಪ್ರಾರ್ಥಿಸಿರಿ.